ಕಂಬದ ಬುಡದ ಚಪ್ಪಲಿ

“ಎಲ್ಲಾರೂ ಕೆಳಗ ಇಳದಾರ್ರಿ ಮೇಡಂ. ಲೈನ್ ಕ್ಲಿಯರ್ ವಾಪಸ್ ತೊಗೋರಿ,” ಎಂದು ಲೈನ್‌ಮನ್ ದೇವೀಂದ್ರಪ್ಪ ಫೋನಿನಲ್ಲಿ ಹೇಳಿದ.

“ಆಯ್ತ್ರಿ. ಐದು ನಿಮಿಷದಾಗ ಕರೆಂಟ್ ಬಿಡ್ತೀನಿ,” ಎಂದಳು, ಕೆಲಸಕ್ಕೆಂದು ಬೆಳಿಗ್ಗೆ ಲೈನು ಬಂದ್ ಮಾಡಿಕೊಟ್ಟು ಕಮಲಾಪುರದ ಸಬ್‌ಸ್ಟೇಷನ್ನಿನಲ್ಲಿ ಕುಳಿತಿದ್ದ ಆಪರೇಟರ್ ಮಂಜುಷಾ.

ಮಹಾಗಾಂವದಾಚೆ ಆ ಹೊಲಗಳ ನಡುವೆ ಫೋನಿಗೆ ಸಿಗ್ನಲ್ ಸಿಗುವುದು ಒಂದು ದಿಬ್ಬದ ಮೇಲೆ ಮಾತ್ರ. ದೇವೀಂದ್ರಪ್ಪ ನಿರಾಳವಾಗಿ ದಿಬ್ಬ ಇಳಿದ. ಇಪ್ಪತ್ತಾರು ವರ್ಷಗಳಲ್ಲಿ ಅವನ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಕಂಬ ಹತ್ತುವವನು ಚಪ್ಪಲಿಯನ್ನು ಬುಡದಲ್ಲಿ ಬಿಡಬೇಕು, ಇಳಿದ ಮೇಲೆ ಮೆಟ್ಟಿಕೊಳ್ಳಬೇಕು. ಯಾವ ಕಂಬದ ಬುಡದಲ್ಲೂ ಚಪ್ಪಲಿ ಉಳಿದಿಲ್ಲ ಎಂದರೆ ಮೇಲೆ ಯಾರೂ ಇಲ್ಲ. ಇವತ್ತೂ ಹಾಗೆಯೇ ನೋಡಿದ್ದ. ಅವನದು ಅವನ ಕಾಲಲ್ಲಿತ್ತು, ಜೊತೆಗಾರ ಹಣಮಂತನದು ಹಣಮಂತನ ಕಾಲಲ್ಲಿತ್ತು.

ಹಣಮಂತ ಬೈಕ್ ಚಾಲೂ ಮಾಡಿ ಕಾಯುತ್ತಿದ್ದ. ದೇವೀಂದ್ರಪ್ಪ ಹಿಂದೆ ಕೂರಲು ಕಾಲೆತ್ತಿದವನು ಹಾಗೆಯೇ ನಿಂತುಬಿಟ್ಟ. ರಸ್ತೆಯ ಪಕ್ಕ ಬಿದ್ದಿದ್ದ ಕರಿ ಕೇಬಲ್ ಮೆಲ್ಲಗೆ ಮುಂದಕ್ಕೆ ಸರಿಯುತ್ತಿತ್ತು. ಅತ್ತ ಕಡೆಯಿಂದ ಯಾರೋ ಅದನ್ನು ಎಳೆಯುತ್ತಿದ್ದರು.

ಅಬ್ರಾರ್! ಕಲಬುರಗಿಯ ಗಾಜಿಪುರದವನು, ಎರಡು ಮಕ್ಕಳ ತಂದೆ, ಇಂಟರ್‌ನೆಟ್ ಕೇಬಲ್ ಎಳೆಯುವ ಕೆಲಸದವನು, ಊರ ಶಾಲೆಗೆ ಕೇಬಲ್ ಮುಟ್ಟಿಸಲು ಬಂದಿದ್ದ. ಕರೆಂಟಿನವರು ಕರೆಂಟಷ್ಟೇ ಕೊಡಬೇಕು ಎಂಬ ಹಳೆಯ ಕಟ್ಟಳೆ ಹೋಗಿ, ಊರೂರಿಗೆ ಇಂಟರ್‌ನೆಟ್ ಮುಟ್ಟಿಸಲು ಅವರೂ ಕೈಜೋಡಿಸಬಹುದು, ತಮ್ಮ ಕಂಬ ಕೊಡಬಹುದು ಎಂದು ಹೊಸ ಕಾಯ್ದೆ ಬಂದಿತ್ತು. ಕಂಬದ ಮೇಲೆ ಎರಡು ಬಗೆಯ ತಂತಿ ಇರಬಹುದು ಎಂದು ಬರೆದ ಪುಣ್ಯಾತ್ಮರು, ಎರಡು ಬಗೆಯ ಮನುಷ್ಯರೂ ಇರುತ್ತಾರೆ ಎಂಬುದನ್ನು ಬರೆಯಲು ಮರೆತಿದ್ದರು. ಬೆಳಿಗ್ಗೆ ದೇವೀಂದ್ರಪ್ಪನೇ ಅವನ ದಪ್ಪ ಬೂಟು ನೋಡಿ, “ಏನಪಾ, ಮದುಮಗನಂಗ ಬೂಟು ಹಾಕ್ಕೊಂಡು ಕಂಬಾ ಏರ್ತಿ?” ಎಂದು ಛೇಡಿಸಿದ್ದ. “ಕಂಪನಿ ಕೊಟ್ಟದ್ದು ಕಾಕಾ, ಬಿಚ್ಚಂಗಿಲ್ಲ,” ಎಂದು ಅವನು ನಕ್ಕಿದ್ದ. “ಏರು ಏರು, ಕರೆಂಟ್ ತಗಸೀನಿ,” ಎಂದು ಹತ್ತಿಸಿದವನೂ ದೇವೀಂದ್ರಪ್ಪನೇ.

ನಾಲ್ಕು ಹೆಜ್ಜೆ ಮುಂದೆ ಓಡಿ ನೋಡಿದರೆ, ತಿರುವಿನಾಚೆ ಬೇವಿನ ಮರದ ಮರೆಯ ಕಂಬದಲ್ಲಿ ಅಬ್ರಾರ್ ಕಾಣಿಸಿದ. ಕರೆಂಟಿಲ್ಲದ ತಂತಿಯೆಂದು ನಂಬಿ ಅದರ ಮೇಲೆ ಒಂದು ತೋಳು ಹಾಕಿಕೊಂಡು, ಇನ್ನೊಂದು ಕೈಯಿಂದ ಕೇಬಲ್ ಎಳೆಯುತ್ತಿದ್ದ.

“ಅಬ್ರಾರ್! ಇಳಿಯೋ!” ಹೊಲದಲ್ಲಿ ನೇಗಿಲು ಹೊಡೆಯುತ್ತಿದ್ದ ಟ್ರ್ಯಾಕ್ಟರಿನ ಸದ್ದಿಗೆ ಕೂಗು ಅಲ್ಲೇ ಸತ್ತಿತು. ಫೋನು ನೋಡಿದ. ಸಿಗ್ನಲ್ ಇಲ್ಲ.

“ಹಣಮಂತಾ, ದಿಬ್ಬಾ ಏರು! ಕರೆಂಟ್ ಬಿಡಬ್ಯಾಡ್ರಿ ಅಂತ ಹೇಳು, ಓಡು!” ಎಂದವನೇ ಬೈಕಿಗೆ ಕಟ್ಟಿದ್ದ ಅರ್ಥಿಂಗ್ ಕೋಲುಗಳನ್ನು ಕಿತ್ತುಕೊಂಡು ದೇವೀಂದ್ರಪ್ಪ ಹತ್ತಿರದ ಕಂಬಕ್ಕೆ ಓಡಿದ. ತಂತಿಯನ್ನು ನೆಲಕ್ಕೆ ಕೂಡಿಸುವ ಕೋಲುಗಳು ಅವು. ಅವು ಸಿಕ್ಕಿಕೊಂಡಿದ್ದರೆ, ಕರೆಂಟು ಬಂದರೂ ನೆಲಕ್ಕಿಳಿದು ಲೈನು ಟ್ರಿಪ್ ಆಗಿ ತಾನೇ ಬಂದಾಗುತ್ತದೆ. ಆದರೆ ಬರುವುದಕ್ಕೆ ಮೊದಲೇ ಸಿಕ್ಕಿಸಬೇಕು. ಐದು ನಿಮಿಷದಲ್ಲಿ ಎಷ್ಟು ಕಳೆದಿದೆಯೋ ಗೊತ್ತಿರಲಿಲ್ಲ. ಕೋಲುಗಳ ಸರಪಳಿಯನ್ನು ಕಂಬದಿಂದ ನೆಲಕ್ಕಿಳಿದ ಅರ್ಥ್ ತಂತಿಗೆ ಬಿಗಿದ. ಮೊದಲನೆಯ ಕೋಲಿನ ಕೊಕ್ಕೆ ತಂತಿಗೆ ಸಿಕ್ಕಿತು. ಎರಡನೆಯದು ಜಾರಿತು. ಜೀವನದಲ್ಲಿ ಅಷ್ಟು ಹೆದರಿಕೆ ಅವನಿಗೆ ಎಂದೂ ಆಗಿರಲಿಲ್ಲ. ಮತ್ತೆ ಎತ್ತಿದ, ಸಿಕ್ಕಿತು. ಮೂರನೆಯದೂ ಸಿಕ್ಕಿತು.

ಕೋಲಿನಿಂದ ಕೈ ತೆಗೆದನೋ ಇಲ್ಲವೋ, ಫಟ್ ಎಂದು ಸಿಡಿಯಿತು. ಕಿಡಿ ಉದುರಿತು. ಆಮೇಲೆ ಏನೂ ಇಲ್ಲ. ದಿಬ್ಬದ ಮೇಲೆ ಹಣಮಂತ ಫೋನು ಹಿಡಿದ ಕೈಯನ್ನು ಜೋರಾಗಿ ಬೀಸುತ್ತಿದ್ದ. ಬಂದ ಕರೆಂಟು ನೆಲಕ್ಕಿಳಿದು ಲೈನು ಟ್ರಿಪ್ ಆಗಿತ್ತು, ಹಣಮಂತನ ಮಾತೂ ಸಬ್‌ಸ್ಟೇಷನ್ನಿಗೆ ಮುಟ್ಟಿತ್ತು.

ಸದ್ದಿಗೆ ಬೆಚ್ಚಿದ ಅಬ್ರಾರ್ ಸರಸರ ಇಳಿದು ಬಂದ. “ಏನಾತು ಕಾಕಾ?”

ದೇವೀಂದ್ರಪ್ಪ ಅವನ ತೋಳು ಮುಟ್ಟಿ ನೋಡಿದ, ಭುಜ ಮುಟ್ಟಿ ನೋಡಿದ. ಕಣ್ಣು ತುಂಬಿ ಬಂತು. “ನಾ ಚಪ್ಪಲಿ ನೋಡಿದ್ನೋ ಅಬ್ರಾರ್. ನಿನ್ನ ನೋಡಲಿಲ್ಲ.”

ಅಬ್ರಾರ್‌ಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವನು ಕಂಬಕ್ಕೆ ಒರಗಿ ಕುಳಿತುಬಿಟ್ಟ. ಹಣಮಂತ ಕೊಟ್ಟ ನೀರನ್ನು ಅರ್ಧ ಕುಡಿದು ಅರ್ಧ ಮುಖಕ್ಕೆ ಹಾಕಿಕೊಂಡ. ಕೊನೆಗೆ ಅವನೇ, “ಸಾಲಿಗೆ ಕೇಬಲ್ ಮುಟ್ಟಾಕ ಇನ್ನಾ ಮೂರು ಕಂಬಾ ಅವ ಕಾಕಾ,” ಎಂದ.

ದೇವೀಂದ್ರಪ್ಪ ಮತ್ತೆ ದಿಬ್ಬ ಹತ್ತಿ ಫೋನು ಮಾಡಿದ. ಮಂಜುಷಾ ಪುಸ್ತಕ ತೆರೆದು ಕೇಳಿದಳು. “ಈ ಸಲ ಹೆಸರು ಹೇಳ್ರಿ. ಮ್ಯಾಗ ಯಾರ್‍ಯಾರು ಏರ್ತಾರ?”

“ಒಬ್ಬನ ರೀ. ಅಬ್ರಾರ್. ಬರ್ಕೋರಿ.”

ಮೇ ತಿಂಗಳ ನಡುಮಧ್ಯಾಹ್ನ. ಅಬ್ರಾರ್ ಬೂಟು ಹಾಕಿಕೊಂಡೇ ಮುಂದಿನ ಕಂಬ ಹತ್ತಿದ. ಬುಡದಲ್ಲಿ ಒಂದು ಜೊತೆ ಹಳೆಯ ಚಪ್ಪಲಿ ಇತ್ತು. ಅವನು ಇಳಿಯುವ ತನಕ ದೇವೀಂದ್ರಪ್ಪ ಸುಡುವ ಎರೆ ಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತಿದ್ದ.