ಚೀಲ ಹೊರಗಿಡು

"ಚೀಲ ಹೊರಗಿಡು. ಬೇಕಾದದ್ದಷ್ಟೇ ಕೈಯಾಗ ಹಿಡ್ಕೊಂಡು ಬಾ."

ಮುದುಕ ಪೀರಾ ಸಾಬ್ ಕೋಲಿನಿಂದ ಮನೆಯ ಮುಂದಿನ ಕಟ್ಟೆ ತೋರಿಸಿದ. ರಿಪೇರಿಗೆ ಬಂದ ಸೂಗಪ್ಪನಿಗೆ ಮೈ ಉರಿಯಿತು. ದೇವದುರ್ಗ ಬಿಟ್ಟು ರಾಯಚೂರಿನ ರೇಡಿಯೊ ಅಂಗಡಿ ಸೇರಿದಾಗಿನಿಂದ ಇದೇ ಆಯಿತು. ಕೆಲಸಕ್ಕೆ ಕರೆಯುವುದು, ಕಳ್ಳನನ್ನು ಕಾಯುವ ಹಾಗೆ ಕಾಯುವುದು.

ಟಿವಿಗೆ ಜೋಡಿಸಿದ ಕಂಪ್ಯೂಟರು ಹಲಗೆಯ ಮೇಲಿತ್ತು. ಕುವೈತಿನ ಮಾಲೀಕ ಹಳೆಯದೆಂದು ಕೊಟ್ಟದ್ದನ್ನು ಮುದುಕನ ಮಗ ಅಲ್ಲಿಂದ ಕಳಿಸಿದ್ದ. ಮಗ ಹೋದ ವರ್ಷ ಅಲ್ಲೇ ಮಣ್ಣಾದ. ಶಾಲೆಯ ಮುಖ ಕಾಣದವನು. ಒಂದು ದಿನವೂ ಪತ್ರ ಬರೆದವನಲ್ಲ. ಅವನ ಹೆಂಡತಿ ವಾಹಿದಾ ಓಣಿಯ ಮಕ್ಕಳಿಗೆ ಕಂಪ್ಯೂಟರು ಕಲಿಸಿ ಬದುಕುತ್ತೇನೆಂದು ಹಟ ಹಿಡಿದಿದ್ದಳು. ಅದಕ್ಕೆ ಇದರ ಮೆಮೊರಿ ಸಾಲದು. ಇದು ಕೆಟ್ಟರೆ ಮಾನ್ವಿಯ ತವರಿನಲ್ಲಿ ಅಣ್ಣಂದಿರ ಪಾತ್ರೆ ತಿಕ್ಕಬೇಕು. ಇವತ್ತು ಅಲ್ಲಿಗೇ ಹೋಗಿದ್ದಳು, ಸೂಗಪ್ಪನ ಮಜೂರಿ ಹೊಂದಿಸಲು.

ಮುದುಕ ರೆಪ್ಪೆ ಬಡಿಯದೆ ಕುಳಿತ. "ಒಳಗಿನ ಸಾಮಾನು ಬದಲಿ ಮಾಡಿದಿ ಅಂದ್ರ ಕೈ ಮುರೀತೀನಿ."

"ಬದಲಿ ಮಾಡಾಕೇ ಕರದೀರಲ್ಲ ಸಾಬ್ರ!"

"ಆಂ?" ಮುದುಕನಿಗೆ ಕಿವಿ ಮಂದ. ಕೂಗಬೇಕು.

ಹೊಸ ಮೆಮೊರಿ ಚಿಪ್ ಕೂತಿತು. ಪರೀಕ್ಷೆ ಉಳಿಯಿತು. ಈ ಕಂಪ್ಯೂಟರು ಪ್ರೋಗ್ರಾಮನ್ನು ಸದ್ದಾಗಿಸಿ ಹಾಡಿನ ಕ್ಯಾಸೆಟ್ಟಿನಲ್ಲೇ ತುಂಬಿಡುತ್ತದೆ. ತುಂಬಿ, ಮತ್ತೆ ತೆಗೆದು ನೋಡಬೇಕು.

"ಖಾಲಿ ಕ್ಯಾಸೆಟ್ ಚೀಲದಾಗ ಅದ. ತರ್ತೀನ್ರಿ."

"ಕುಂದರಲೇ! ಎದ್ದು ಹೊಂಟಿ ಅಂದ್ರ ಕಿಸೆದಾಗ ಏನೋ ಸೇರ್ಯಾದ ಅಂತ ಅರ್ಥ." ಕೋಲು ಟೇಪ್ ರೆಕಾರ್ಡರಿನತ್ತ ಚಾಚಿತು. "ಅದರಾಗೊಂದು ಅದಲ್ಲ."

ಸೂಗಪ್ಪ ತೆಗೆದು ನೋಡಿದ. ಗೋಡೆಯ ಗೂಡಿನಲ್ಲಿದ್ದ ಕ್ಯಾಸೆಟ್ಟುಗಳ ಮೇಲೆಲ್ಲ ವಾಹಿದಾ ಹಾಡಿನ ಹೆಸರು ಬರೆದಿದ್ದಳು. ಇದರ ಮೇಲೆ ಇಲ್ಲ.

"ಇದರಾಗ ಏನರ ಅದೇನ್ರಿ?"

"ಸಿನಿಮಾ ಹಾಡು. ಸೊಸಿ ದಿನಾ ಸಂಜಿಕೆ ಅಡಿಗಿಮನಿ ಬಾಗಲಾ ಹಾಕ್ಕೊಂಡು ಕೇಳ್ತಾಳ, ಬೇಶರಮ್. ಅಳಿಸು."

ಸೂಗಪ್ಪ ತುಂಬಿದ, ತೆಗೆದ. ಪರದೆಯ ಮೇಲೆ ಅಕ್ಷರ ಮೂಡಿದವು. ಮುದುಕ ನಂಬಲಿಲ್ಲ. ಮತ್ತೆ ತೋರಿಸು ಎಂದ. ತಗೋ, ನೋಡು, ಎಂದು ಹಲ್ಲು ಕಚ್ಚಿ ಸೂಗಪ್ಪ ಕ್ಯಾಸೆಟ್ಟಿನ ಎರಡೂ ಬದಿ ತುಂಬುವ ತನಕ ತೋರಿಸಿದ.

ಸಂಜೆ ಬಸ್ಸಿಗೆ ವಾಹಿದಾ ಬಂದಳು. ಕಿವಿ ಬರಿದಾಗಿದ್ದವು. ಪರದೆ ನೋಡಿ ವರ್ಷದ ಮೇಲೆ ಮೊದಲ ಸಲ ನಕ್ಕಳು. ಮಜೂರಿ ಕೊಟ್ಟು, "ಖರ್ಚು ಇಷ್ಟೇ ಅಲ್ಲಣ್ಣಾ? ಇನ್ನೇನೂ ಹೋಗೂದಿಲ್ಲಲ್ಲ?" ಎಂದಳು.

"ಇಷ್ಟೇ ಅಕ್ಕಾ."

ಪೀರಾ ಸಾಬ್ ಕಟ್ಟೆಯ ಮೇಲೆ ಚೀಲ ಕೊಡವಿದ. ಒಂದು ಖಾಲಿ ಕ್ಯಾಸೆಟ್ಟು, ಎರಡು ಒಣ ರೊಟ್ಟಿ ಬಿದ್ದವು. "ನಮ್ಮ ಮನಿದು ಒಂದು ಕಡ್ಡೀನೂ ಹೋಗಿಲ್ಲ. ನಡಿ."

ಸೂಗಪ್ಪ ರೊಟ್ಟಿಯ ಮಣ್ಣು ಒರೆಸಿಕೊಂಡು ಹೊರಟ.

ವಾಹಿದಾ ಟೇಪ್ ರೆಕಾರ್ಡರು ಎತ್ತಿಕೊಂಡು ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗುಂಡಿ ಒತ್ತಿದಳು. ತಗಡು ಗೀರಿದಂಥ ಕೀಚಲು ಸದ್ದು. ಬದಿ ತಿರುವಿದಳು. ಅದೇ ಕೀಚಲು.

ಬರೆಯಲು ಬಾರದ ಗಂಡ ಕುವೈತಿನಿಂದ ಪತ್ರದ ಬದಲು ಮಾತಾಡಿ ಕಳಿಸಿದ್ದ ಕ್ಯಾಸೆಟ್ಟು ಅದೊಂದೇ.