ಕರಿಕೆರೆಯ ಮಂಜುಗಡ್ಡೆ

"ಕರಿಕೆರೆ ಪೂರ್ತಿ ಬಿಟ್ಕೊಂಡಿದೆ ಅತ್ತಿಗೆ. ಒಂದು ಚೂರೂ ಮಂಜುಗಡ್ಡೆ ಇಲ್ಲ. ಮೀನು ದಡಕ್ಕೇ ಬಂದು ಬಾಯಿ ಬಿಡ್ತಿವೆ. ನಾಳೆ ಬನ್ನಿ, ನಾನೂ ಅಲ್ಲೇ ಇರ್ತೀನಿ," ಅಂದ ಆಸ್ಲಾಕ. ಅಂದೋನು ಟೋಪಿ ಬೇರೆ ತೆಗೆದ.

ಗುನ್ವೋರಜ್ಜಿ ಕಾಫಿ ಲೋಟ ಕೆಳಗಿಟ್ಟು ಮೈದುನನ ಮುಖಾನೇ ನೋಡಿದ್ಲು. "ಎಷ್ಟು ಚೆನ್ನಾಗಿ ಹೇಳ್ತೀಯೋ! ಕಣ್ಣಲ್ಲಿ ನೀರು ಬೇರೆ ತಂದ್ಕೊಂಡಿದೀಯ."

"ನಿಮ್ಮಾಣೆ ಅತ್ತಿಗೆ."

"ಆಣೆ ಬೇರೆ ಕೇಡು. ಇಡೀ ನಾರ್ವೇಲಿ ನಿನ್ನಂಥ ಸುಳ್ಳುಗಾರ ಇನ್ನೊಬ್ಬ ಹುಟ್ಟಿಲ್ಲ ಬಿಡು."

ಅವಳದೇನೂ ತಪ್ಪಿಲ್ಲ. ಆ ಕಣಿವೇಲಿ ಜೂನ್ ತಿಂಗಳು ಬಂತು ಅಂದ್ರೆ ಕೆರೆ ವಿಷಯದಲ್ಲಿ ಯಾರೂ ಯಾರಿಗೂ ನಿಜ ಹೇಳೋ ಪದ್ಧತಿ ಇಲ್ಲ. ಬೆಟ್ಟದ ಮೇಲಿನ ಕೆರೆಗಳಲ್ಲಿ ಗಡ್ಡೆ ಕರಗಿದ ನಾಲ್ಕೈದು ದಿನ, ಅಷ್ಟೇ, ಚಳಿಗಾಲವಿಡೀ ಉಪವಾಸ ಇದ್ದ ಟ್ರೌಟ್ ಮೀನು ದಡಕ್ಕೆ ಬಂದು, ಗಾಳದ ಬದ್ಲು ಬೂಟಿನ ದಾರ ಇಳಿಬಿಟ್ರೂ ಕಚ್ಚುತ್ತೆ. ಆಮೇಲೆ ಆಳಕ್ಕಿಳಿದ್ರೆ ಮುಗೀತು. ಅದಕ್ಕೇ "ಅಯ್ಯೋ, ಇನ್ನೂ ಗಡ್ಡೆ, ಏನಿಲ್ಲ" ಅಂತ ಯಾರಾದ್ರೂ ಅಂದ್ರೆ ಸಾಕು, ಊರಿಗೂರೇ ಗಾಳ ಹೊತ್ಕೊಂಡು ಅಲ್ಲಿಗೇ ಓಡುತ್ತೆ. "ಬನ್ನಿ ಬನ್ನಿ, ಬೇಕಾದಷ್ಟಿದೆ" ಅಂದ್ರೆ ಆ ಕಡೆ ನಾಯೀನೂ ಹೋಗಲ್ಲ. ಪಾದ್ರಿಗಳೂ ಅಷ್ಟೆ, ಸುಳ್ಳು ಹೇಳಬಾರದು ಅನ್ನೋ ಆಜ್ಞೆ ಬಂದಾಗ ಜೂನ್ ತಿಂಗಳಲ್ಲಿ ಮಾತ್ರ ಕೆಮ್ಮಿ ದಾಟಿಸ್ಬಿಡ್ತಾರೆ. ಅವರ್ದೂ ಒಂದು ಗಾಳ ಇದೆಯಲ್ಲ!

ಆದ್ರೆ ಈ ವರ್ಷ ಗುನ್ವೋರಜ್ಜಿ ಸುಸ್ತಾಗಿಹೋಗಿದ್ಲು. ಮಂಡಿ ಎರಡೂ ಕೈಕೊಟ್ಟಿದ್ವು. ಇನ್ನು ಬೆಟ್ಟ ಸಾಕು ಅಂತ ಡಾಕ್ಟ್ರು ಕಡ್ಡಿ ಮುರಿದ ಹಾಗೆ ಹೇಳಿದ್ರು. ಒಂದೇ ಒಂದ್ಸಲ ಅಂತ ಅಜ್ಜಿ ಅವರ ಹತ್ರ ಸಂತೇಲಿ ಚೌಕಾಸಿ ಮಾಡೋ ಹಂಗೆ ಮಾಡಿ ಒಪ್ಪಿಸಿದ್ಲು. ಒಂದೇ ಸಲ ಹತ್ತೋದು, ಅದೇ ಕೊನೇದು. ಕೆರೆ ತಪ್ಪಿದ್ರೆ ಇನ್ನೊಂದ್ಸಲ ಅನ್ನೋ ಮಾತೇ ಇಲ್ಲ.

ಬೆಳಗ್ಗೆ ದಾರಿ ಕವಲಾಗೋ ಕಡೆ ಅಜ್ಜಿ ಕೋಲು ಊರಿ ನಿಂತ್ಲು. ಎಡಕ್ಕೆ ಹೋದ್ರೆ ಕರಿಕೆರೆ, ಬಲಕ್ಕೆ ಹೋದ್ರೆ ಬಿಳಿಗಲ್ಲು ಕೆರೆ. ಆಸ್ಲಾಕ ಎಡಕ್ಕೆ ಬನ್ನಿ ಅಂದಿದಾನೆ. ಅಂದ್ಮೇಲೆ ಎಡಕ್ಕೆ ಗಡ್ಡೆ, ಬಲಕ್ಕೆ ಮೀನು. ಇದ್ರಲ್ಲಿ ಯೋಚ್ನೆ ಮಾಡೋದೇನಿದೆ? ಆ ಟೋಪಿ ತೆಗ್ದಿದ್ದು ಮಾತ್ರ ಒಂದು ಗಳಿಗೆ ಕಾಡ್ತು. ಆದ್ರೆ ಇವನಣ್ಣ ಹೆಣ್ಣು ಕೇಳೋಕೆ ಬಂದಾಗ್ಲೂ ಹಿಂಗೇ ಟೋಪಿ ತೆಗ್ದು ನಿಂತು, ಕೊಟ್ಟಿಗೆ ತುಂಬ ಹಸು ಇವೆ ಅಂದಿದ್ದ. ಮದ್ವೆ ಆಗಿ ಹೋಗಿ ನೋಡಿದ್ರೆ ಎರಡು ಮೇಕೆ! ಅದು ನೆನಪಾಗಿದ್ದೇ ತಡ, ಅಜ್ಜಿ ನಕ್ಕೊಂಡು ಬಲಕ್ಕೆ ತಿರುಗಿದ್ಲು.

ನಗು ಮೊದಲನೇ ಏರಿಗೇ ಮುಗೀತು. ಬರ್ಚ್ ಮರಗಳು ಮೇಲೆ ಹೋದಹಾಗೆ ಕುಳ್ಳಗಾಗಿ ಕೊನೆಗೆ ಅಜ್ಜಿಯ ಮಂಡಿಯೆತ್ತರಕ್ಕೆ ಬಂದ್ವು. ಕರಗಿದ ಹಿಮದ ಹಳ್ಳ ಬೂಟೊಳಗೇ ಹರೀತು. ಕೂತ್ರೆ ಏಳೋಕಾಗ್ತಿರ್ಲಿಲ್ಲ, ಎದ್ರೆ ನಡೆಯೋಕಾಗ್ತಿರ್ಲಿಲ್ಲ. ಹೆಂಗೋ ತುದಿ ಮುಟ್ಟಿ ನೋಡ್ತಾಳೆ, ಈ ದಡದಿಂದ ಆ ದಡದ ತನಕ ಬೆಳ್ಳಗೆ ಗಡ್ಡೆ. ನಡುಮಧ್ಯ ಹಿಮಸಾರಂಗಗಳು ಮದ್ವೆ ದಿಬ್ಬಣದ ಹಂಗೆ ಸಾಲಾಗಿ ಕೆರೆ ದಾಟ್ತಿದ್ವು. ಅಜ್ಜಿ ಗಾಳ ಬಿಚ್ಚಲೇ ಇಲ್ಲ. ಚೀಸ್ ಹಾಕಿದ ರೊಟ್ಟಿ ಒಂದು ತುತ್ತು ಬಾಯಿಗಿಟ್ಕೊಂಡು, ನುಂಗೋದನ್ನ ಮರೆತು ಕೂತ್ಲು.

ಇಳಿದು ಬರೋ ಹೊತ್ತಿಗೆ ಆಸ್ಲಾಕ ಕವಲಲ್ಲಿ ಕಲ್ಲಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಕಾಫಿ ಫ್ಲಾಸ್ಕು, ಮುಚ್ಚಳ ತೆಗೆದಿರ್ಲಿಲ್ಲ.

"ಬೆಳಗ್ಗಿಂದ ಕೆರೆ ಹತ್ರ ಕಾಯ್ತಿದ್ನಲ್ಲ ಅತ್ತಿಗೆ, ಎಲ್ಲಿಗೆ ಹೋಗಿದ್ರಿ?"

"ಬಿಳಿಗಲ್ಲಿಗೆ."

"ಅಯ್ಯೋ ದೇವ್ರೇ! ನಾನು ಹೇಳಿದ್ನಲ್ಲ!"

"ಹೇಳ್ದೆ ಕಣೋ. ಹಂಗೆ ಹೇಳಿದ್ರೆ ಯಾವೋಳು ನಂಬ್ತಾಳೆ? ಗಡ್ಡೆ ಇದೆ ಅಂತ ಒಂದು ಮಾತು ಅಂದಿದ್ರೆ ನೆಟ್ಟಗೆ ನಿನ್ನ ಹತ್ರ ಬರ್ತಿದ್ನಲ್ಲೋ ಪಾಪಿ. ಹುಟ್ಟಿದಾಗಿಂದ ಒಂದ್ಸಲ ನಿಜ ಹೇಳ್ದೆ, ಅದೂ ನನ್ನ ಕೊನೇ ಸಲಕ್ಕೇ ಆಗ್ಬೇಕಿತ್ತಾ?"

"ನಿಮ್ಮ ಮಂಡಿ ನೋಡಿ ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ ಅತ್ತಿಗೆ." ಆಸ್ಲಾಕ ತಲೆ ಬಗ್ಗಿಸಿದ. "ಈಗ್ಲೂ ಹೋಗ್ಬಹುದು. ನಾನು ಹೊತ್ಕೊಂಡು ಹೋಗ್ತೀನಿ."

"ನಿನ್ನ ಸೊಂಟ ಮುರಿದ್ರೆ ಇಬ್ರನ್ನೂ ಹೊರೋಕೆ ಇನ್ನೊಬ್ಬ ಬೇಕು. ಕೂತ್ಕೋ ಸುಮ್ನೆ."

ಇಬ್ರೂ ಕೂತ್ರು. ಅವನು ಕಾಫಿ ಬಗ್ಗಿಸಿ ಕೊಟ್ಟ. ಅಂಗಿ ತೋಳಿಗೆಲ್ಲ ಮೀನಿನ ಹುರುಪೆ ಮೆತ್ಕೊಂಡಿದ್ದನ್ನ ಅವಳು ನೋಡಿದ್ಲು, ನೋಡದೋಳ ಹಂಗೆ ಎಡಗಡೆ ದಾರಿ ಕಡೆ ಮುಖ ತಿರುಗಿಸಿದ್ಲು. ಕಾಫಿ ಮುಗಿಸಿ ಮೆಲ್ಲಗೆ ಕೇಳಿದ್ಲು.

"ಕರಿಕೆರೆ ಹೆಂಗಿತ್ತೋ?"

ಆಸ್ಲಾಕ ಬಾಯಿ ತೆಗೆದೋನು ಹಂಗೇ ತಡ್ಕೊಂಡ. ಅವಳ ಮಂಡಿ ನೋಡಿದ. ಟೋಪಿ ಕಿವಿ ತನಕ ಎಳೆದು ಹಾಕ್ಕೊಂಡ.

"ಏನಿಲ್ಲ ಅತ್ತಿಗೆ. ದಡದ ತನಕ ಬರೀ ಗಡ್ಡೆ. ಹೋಗೋದೇ ದಂಡ. ಒಂದು ಮರಿಮೀನೂ ಕಾಣ್ಲಿಲ್ಲ."

ಗುನ್ವೋರಜ್ಜಿ ಕಲ್ಲಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ್ಲು. ಆವತ್ತಿಡೀ ದಣಿದು ಬತ್ತಿಹೋಗಿದ್ದ ಮುಖ ನಿಧಾನಕ್ಕೆ ಅರಳ್ತು.

"ಅಷ್ಟೊಂದಿತ್ತಾ?" ಅಂದ್ಲು.