ಕೆಳಗಿನ ಹೊಲದಾಕಿ

ಹುಲಗಪ್ಪ ಓಡಿ ಬರುವಷ್ಟರಲ್ಲಿ ಹೆಂಗಸು ಒಡ್ಡು ಒಡೆದೇ ಬಿಟ್ಟಿದ್ದಳು. ಗೌಡರ ಭತ್ತದ ಗದ್ದೆಗೆ ತಿರುಗಬೇಕಿದ್ದ ಕಾಲುವೆ ನೀರು ಭೋರೆಂದು ಕೆಳಗಿನ ಹೊಲಗಳ ಕಡೆ ನುಗ್ಗಿತ್ತು.

"ಸಲಿಕಿ ಬಿಡು!"

ಅವಳು ಬಿಡಲಿಲ್ಲ. "ನಮ್ಮ ಹತ್ತಿ ಒಣಗಾಕತ್ತೈತಿ. ಒಂದು ತಾಸು ಹರೀಲಿ. ಆಮ್ಯಾಲ ನಾನೇ ಮುಚ್ಚತೀನಿ."

ಈ ತೂಬು ಕಾಯಲೆಂದೇ ಸೂಗಪ್ಪಗೌಡರು ಹುಲಗಪ್ಪನನ್ನು ಇಟ್ಟುಕೊಂಡಿದ್ದರು. ನೀರು ಆಚೆ ಹೋಯಿತೆಂದರೆ ನಾಳೆ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಿದ್ದ. ಹುಲಗಪ್ಪ ಕೂಲಿಗೆ ಹೋಗಿ ಪುಣೆಯ ಯಾವುದೋ ಕಟ್ಟಡದ ಬುಡದಲ್ಲಿ ತಗಡಿನ ಶೆಡ್ಡು ಹುಡುಕಬೇಕಿತ್ತು.

ನಿಜಾಮರ ಕಾಲದಿಂದ ಊರ ನೆಲವೆಲ್ಲ ಗೌಡರ ಮನೆತನದ್ದು. ಉಳುವವನೇ ಒಡೆಯ ಎಂದು ಕಾನೂನು ಬಂದಾಗ ಜೀತದವರ ಪಾಲಿಗೆ ಬಿಟ್ಟುಕೊಟ್ಟದ್ದು ತುದಿಯ ಕಲ್ಲುನೆಲ. ಆಮೇಲೆ ಹುಣಸಗಿ ಸೀಮೆಗೆ ಕಾಲುವೆ ಬಂತು. ನೀರು ಮಾತ್ರ ಗೌಡರ ಗದ್ದೆ ದಾಟಲಿಲ್ಲ.

"ಮಾವ ಸಾಯೂತನಕ ಈ ನೀರಿನ ದಾರಿ ಕಾದ," ಎಂದಳು ಆಕೆ. "ನೀನೂ ಕಂಡೀಯಲ್ಲ."

ಹುಲಗಪ್ಪ ಕಂಡಿದ್ದ. ಅಷ್ಟರಲ್ಲಿ ಕಾಲುವೆ ದಂಡೆಯ ಮೇಲೆ ಬೈಕು ನಿಂತಿತು. ಸೂಗಪ್ಪಗೌಡರು ಇಳಿಯಲಿಲ್ಲ.

"ಯಾರಲೇ ಆಕಿ?"

ಹೆಂಗಸು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹುಲಗಪ್ಪನ ಮುಖವನ್ನೇ ನೋಡುತ್ತ ನಿಂತಳು. ಏನು ಹೇಳುತ್ತಾನೋ ನೋಡೋಣ ಎಂಬಂತೆ.

"ಕೆಳಗಿನ ಹೊಲದಾಕಿ ರೀ, ಗೌಡ್ರ."

"ಮತ್ತ ನಿನ್ನ ಯಾಕ ಇಟ್ಟೀನಿ? ಮಾರಿ ನೋಡಾಕ? ಹಾಕು ಎರಡ. ಇನ್ನೊಮ್ಮಿ ಈ ಕಡಿ ಹಾಯಬಾರದು."

ಹುಲಗಪ್ಪನ ಕೈ ಮೇಲೆದ್ದು ಅಲ್ಲೇ ನಿಂತಿತು. ಗೌಡರು ನೋಡುತ್ತಲೇ ಇದ್ದರು. ಏಟು ಬಿದ್ದ ರಭಸಕ್ಕೆ ಅವಳು ಕೆಸರಿನಲ್ಲಿ ಕುಸಿದಳು. ಅಳಲಿಲ್ಲ, ಶಪಿಸಲಿಲ್ಲ. ಎದ್ದು ಸಲಿಕೆಯನ್ನು ಅವನ ಕಾಲ ಬಳಿ ಒಗೆದು ನಡೆದುಬಿಟ್ಟಳು.

ಅದೇ ಸಲಿಕೆಯಿಂದ ಹುಲಗಪ್ಪ ಒಡ್ಡು ಮುಚ್ಚಿದ. ನೀರು ಗದ್ದೆಗೆ ತಿರುಗಿತು.

"ನಿಮ್ಮಪ್ಪನಂಗ ನಿಯತ್ತಿನ ಮನುಷ್ಯ ಅದಿ ನೀ," ಎಂದು ಗೌಡರು ಬೈಕು ತಿರುಗಿಸಿದರು.

ಹೊತ್ತು ಮುಳುಗುವಾಗ ಹುಲಗಪ್ಪ ಮನೆಗೆ ಬಂದ. ಕಾಲು ತೊಳೆದು, ತಲೆ ತಗ್ಗಿಸಿ ಒಲೆಯ ಮುಂದೆ ಕೂತ.

ಊದಿದ ಕೆನ್ನೆಯ ಕರೆಮ್ಮ ಗಂಡನ ತಾಟಿಗೆ ರೊಟ್ಟಿ ಹಾಕಿದಳು.